ತುಂಬಿದ ಕೊಡ ತುಳುಕುವುದೇ?

ಆತ್ಮೀಯ ಓದುಗರೆ,

ನಮಸ್ಕಾರ. ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಪ್ಲೊಟೈನಸ್ ಕುರಿತ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿತು. ಅದನ್ನು ಇಡಿಯಾಗಿ ಅಚ್ಚು ಮಾಡಲು ಪುಟ ಸಾಲದು. ಉಳಿದ ಓದುಗರಿಗಾಗಿ ಸಾರವನ್ನಷ್ಟೇ ಹೇಳುತ್ತೇನೆ. ಮೂರನೆಯ ಶತಮಾನದ ಈ ತತ್ತ್ವಜ್ಞಾನಿಯ ಪ್ರಕಾರ ಪರಮಮೂಲವು ಪೂರ್ಣವಾಗಿರುವುದರಿಂದಲೇ ತುಳುಕಿತು, ಆ ತುಳುಕಿನಿಂದಲೇ ಜಗತ್ತು ಎಂದು ಲೇಖನದಲ್ಲಿತ್ತು. ನೀವು ಅಲ್ಲಿಯೇ ತಡೆದು ನಿಲ್ಲಿಸಿದ್ದೀರಿ: "ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಿದ್ದರು ನಮ್ಮ ಅಜ್ಜಿ. ತುಳುಕಿದರೆ ಅದು ಅರೆಗೊಡ. ತುಳುಕಿದ ಮೇಲೆ ಅಷ್ಟು ಕಡಿಮೆಯೂ ಆಯಿತಲ್ಲ?" ಅದರ ಬೆನ್ನಿಗೇ ಮತ್ತೆ ಮೂರು ಪ್ರಶ್ನೆಗಳು. ಇದೆಲ್ಲ ನಮ್ಮ ಉಪನಿಷತ್ತುಗಳಿಂದ ಅಲ್ಲಿಗೆ ಹೋದದ್ದೇ ತಾನೆ? ಪವಿತ್ರವಾದ ಮೂಲದಿಂದ ಹರಿದು ಬಂದ ಜಗತ್ತಿನಲ್ಲಿ ಇಷ್ಟು ನೋವು, ಇಷ್ಟು ಕೊಳೆ ಎಲ್ಲಿಂದ? ತಾನಾಗಿಯೇ ಹರಿಯುವ ಮೂಲಕ್ಕೆ ನಾನು ಕೈಮುಗಿದರೇನು, ಬಿಟ್ಟರೇನು? ಈತನನ್ನು ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ನಾಲ್ಕು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಪತ್ರ ಇದಲ್ಲ. ಪ್ಲೊಟೈನಸ್‌ನ ತರಗತಿಯಲ್ಲಿ ಒಮ್ಮೆ ಶಿಷ್ಯ ಪಾರ್ಫಿರಿ, ಆತ್ಮವು ದೇಹದೊಳಗೆ ಹೇಗಿದೆ ಎಂದು ಮೂರು ದಿನ ಬಿಡದೆ ಪ್ರಶ್ನೆ ಕೇಳಿದನಂತೆ. ಹೊರಗಿನಿಂದ ಬಂದವನೊಬ್ಬ ಬೇಸತ್ತು, ಈ ಪ್ರಶ್ನೋತ್ತರ ಸಾಕು, ಬರೆದಿಟ್ಟುಕೊಳ್ಳುವಂಥ ಉಪನ್ಯಾಸ ಬೇಕು ಎಂದಾಗ ಗುರು ಹೇಳಿದ್ದು ಇಷ್ಟು: ಪಾರ್ಫಿರಿಯ ತೊಡಕುಗಳನ್ನು ಬಿಡಿಸದಿದ್ದರೆ ಬರೆಯುವುದಕ್ಕಾದರೂ ನಮ್ಮಲ್ಲಿ ಏನಿರುತ್ತದೆ? ನಿಮ್ಮ ಪತ್ರವನ್ನು ನಾನು ಅದೇ ಮನಸ್ಸಿನಿಂದ ತೆಗೆದುಕೊಂಡಿದ್ದೇನೆ.

ಕೊಡದ ಮಾತು ಮೊದಲು. ಪ್ಲೊಟೈನಸ್‌ನ ಬರಹಗಳನ್ನು ಪಾರ್ಫಿರಿ ಅವನು ತೀರಿಕೊಂಡ ಸುಮಾರು ಮೂವತ್ತು ವರ್ಷಗಳ ಮೇಲೆ 54 ಪ್ರಬಂಧಗಳಾಗಿ ಜೋಡಿಸಿದ. ಒಂಬತ್ತೊಂಬತ್ತು ಪ್ರಬಂಧಗಳ ಆರು ಭಾಗಗಳು. ಅದೇ 'ಎನಿಯಡ್ಸ್'. ಅದರ ಐದನೆಯ ಭಾಗದ ಎರಡನೆಯ ಪ್ರಬಂಧದಲ್ಲಿ ನಿಮ್ಮನ್ನು ಕೆಣಕಿದ ಆ ಮಾತು ಇದೆ. ಪರಮಮೂಲಕ್ಕೆ ಅವನು ಕೊಡುವ ಹೆಸರು 'ಏಕ'. ಏಕವು ಏನನ್ನೂ ಅರಸುವುದಿಲ್ಲ, ಅದಕ್ಕೆ ಏನೂ ಬೇಕಾಗಿಲ್ಲ, ಆದ್ದರಿಂದ ಅದು ಪೂರ್ಣ. ಪೂರ್ಣವಾದದ್ದು ತುಳುಕಿದಂತಾಗಿ, ಆ ಸಮೃದ್ಧಿಯಿಂದ ಬೇರೊಂದು ಉಂಟಾಯಿತು. ನಿಮ್ಮ ಅಜ್ಜಿಯ ಗಾದೆ ಮೆಚ್ಚುವುದು ತುಂಬಿದವರ ನಿಶ್ಚಲತೆಯನ್ನು. ಪ್ಲೊಟೈನಸ್ ಕೂಡ ಅದನ್ನು ಬಿಟ್ಟುಕೊಡುವುದಿಲ್ಲ. ಏಕವು ಅಲುಗುವುದಿಲ್ಲ, ಬಾಗುವುದಿಲ್ಲ, 'ಈಗ ಸೃಷ್ಟಿಸುತ್ತೇನೆ' ಎಂದು ಸಂಕಲ್ಪಿಸಿ ಏಳುವುದೂ ಇಲ್ಲ. ತಾನಿದ್ದಲ್ಲೇ ಇರುವಾಗ ಅದರಿಂದ ಉಳಿದುದೆಲ್ಲ ಇದೆ. ಕೊಡವನ್ನು ಯಾರೋ ತುಂಬಿಸಬೇಕು, ಅದಕ್ಕೊಂದು ಅಂಚು ಇರಬೇಕು, ಅಂಚು ದಾಟಿದ ನೀರು ಕೊಡಕ್ಕೆ ನಷ್ಟ. ಏಕವನ್ನು ತುಂಬಿಸಿದವರಿಲ್ಲ, ಅದಕ್ಕೆ ಅಂಚೂ ಇಲ್ಲ. ಹಾಗಾಗಿ ಅವನು ಮೂರನೆಯ ಭಾಗದಲ್ಲಿ ಬೇರೆ ಚಿತ್ರವನ್ನು ಕೊಡುತ್ತಾನೆ: ತನಗೆ ಬೇರೆ ಮೂಲವಿಲ್ಲದ ಒಂದು ಊಟೆ. ಎಲ್ಲ ನದಿಗಳಿಗೂ ತನ್ನನ್ನೇ ಕೊಡುತ್ತದೆ, ನದಿಗಳಿಂದ ಬತ್ತುವುದಿಲ್ಲ, ತಾನು ಮಾತ್ರ ಶಾಂತವಾಗಿ ನಿಂತಿದೆ.

ಅವನಿಗೆ ಇನ್ನೂ ಪ್ರಿಯವಾದ ಉಪಮೆ ಸೂರ್ಯ ಮತ್ತು ಅದರ ಸುತ್ತಲಿನ ಬೆಳಕು. ಇವತ್ತಿನ ಓದುಗರಿಗೆ ಇದು ಸಾಲದು. ಸೂರ್ಯ ಬೆಳಗುತ್ತಲೇ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ದ್ರವ್ಯವನ್ನು ಕಳೆದುಕೊಳ್ಳುತ್ತಾನೆ. ಉಪಮೆ ಬಿದ್ದುಹೋಯಿತು. ಆದರೆ ಅದು ಹೊತ್ತಿದ್ದ ವಿಚಾರ ಬೀಳಲಿಲ್ಲ. ಯಾವುದೇ ವಸ್ತುವಿಗೆ ಎರಡು ಬಗೆಯ ಚಟುವಟಿಕೆಯುಂಟು ಎನ್ನುತ್ತಾನೆ ಪ್ಲೊಟೈನಸ್: ಅದು ತಾನಾಗಿರುವುದು ಒಂದು, ತಾನಾಗಿರುವುದರಿಂದಲೇ ಹೊರಗೆ ಕಾಣಿಸಿಕೊಳ್ಳುವುದು ಇನ್ನೊಂದು. ಬೆಂಕಿಯೊಳಗಿನ ಬಿಸಿ ಬೆಂಕಿಯ ಸ್ವರೂಪ. ಪಕ್ಕದಲ್ಲಿ ನಿಂತವರಿಗೆ ತಾಗುವ ಬಿಸಿ ಅದರ ಫಲ. ಎರಡನೆಯದು ಬೇಕೆಂದು ಬೆಂಕಿ ಬೇರೆ ಕೆಲಸ ಮಾಡಬೇಕಾಗಿಲ್ಲ. ಏಕದ ವಿಷಯದಲ್ಲಿ ಅವನು ಹಿಡಿಯಲು ಯತ್ನಿಸುವುದು ಈ ಎಳೆಯನ್ನು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದು ಹಿಂದೊಮ್ಮೆ ನಡೆದು ಮುಗಿದ ಸಂಗತಿಯ ವರದಿಯಲ್ಲ. ನಿತ್ಯವಾದವುಗಳ ಬಗ್ಗೆ ಮಾತನಾಡುವಾಗ ಕಾಲದಲ್ಲಿ ಆಗುವ ಹುಟ್ಟನ್ನು ಮನಸ್ಸಿನಿಂದ ದೂರವಿಡಿ ಎಂದು ಅವನು ಸ್ಪಷ್ಟವಾಗಿ ಎಚ್ಚರಿಸುತ್ತಾನೆ. ಆದ್ದರಿಂದ 'ಮಹಾಸ್ಫೋಟವನ್ನು ಪ್ಲೊಟೈನಸ್ ಆಗಲೇ ಹೇಳಿದ್ದ' ಎಂದು ಯಾರಾದರೂ ಬರೆದರೆ ನಂಬಬೇಡಿ. 1,380 ಕೋಟಿ ವರ್ಷಗಳ ಹಿಂದೆ ಏನಾಯಿತು ಎಂಬುದು ಖಗೋಳ ವಿಜ್ಞಾನಿಗಳ ಪ್ರಶ್ನೆ. ಈ ಕ್ಷಣದಲ್ಲಿ ಇರುವುದೆಲ್ಲ ಯಾವುದನ್ನು ಆಧರಿಸಿ ಇದೆ ಎಂಬುದು ಅವನ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಎರಡನೆಯದು ತೀರುವುದಿಲ್ಲ.

ಅವನ ವಿಚಾರದ ತಿರುಳು ಹರಿವಿಗಿಂತ ತಿರುವಿನಲ್ಲಿದೆ ಎಂದು ನನಗೆ ತೋರುತ್ತದೆ. ಏಕದಿಂದ ಹೊಮ್ಮಿದ್ದು ಮೊದಲಿಗೆ ಇನ್ನೂ ಏನೂ ಅಲ್ಲ, ಆಕಾರವಿಲ್ಲದ ಒಂದು ಹೊಮ್ಮುವಿಕೆ ಮಾತ್ರ. ಅದು ತನ್ನ ಮೂಲದತ್ತ ಹಿಂತಿರುಗಿ ನೋಡುತ್ತದೆ. ಆ ನೋಟದಿಂದಲೇ ಅದು ತುಂಬಿಕೊಂಡು 'ಬುದ್ಧಿ' ಆಗುತ್ತದೆ. ನಮ್ಮ ತಲೆಯೊಳಗಿನ ಜಾಣತನ ಇದಲ್ಲ. ಎಲ್ಲ ರೂಪಗಳೂ ಒಟ್ಟಿಗೆ ಇರುವ, ಅರಿಯುವುದೂ ಅರಿಯಲ್ಪಡುವುದೂ ಒಂದೇ ಆಗಿರುವ ನೆಲೆ. ಬುದ್ಧಿಯಿಂದ ಅದೇ ಕ್ರಮದಲ್ಲಿ 'ಆತ್ಮ', ಅದರಿಂದ ಪ್ರಕೃತಿ, ಕಾಲ, ನಾವು ಮುಟ್ಟುವ ಈ ಲೋಕ. ಏಕವು ಒಂದಿಷ್ಟು ಬುದ್ಧಿಯನ್ನು ಕತ್ತರಿಸಿ ಕೆಳಗೆ ಎಸೆಯಲಿಲ್ಲ. ಹೊಮ್ಮಿದ್ದು ಮೂಲವನ್ನು ನೋಡಿದ್ದರಿಂದ ತಾನು ತಾನಾಯಿತು. ಮನುಷ್ಯನಿಗೂ ಇದೇ ನಿಯಮ. ಐದನೆಯ ಭಾಗದ ಮೊದಲ ಪ್ರಬಂಧ ಆರಂಭವಾಗುವುದು, ಆತ್ಮಗಳು ತಮ್ಮ ತಂದೆಯಾದ ದೇವರನ್ನು ಮರೆತದ್ದು ಹೇಗೆ ಎಂಬ ಪ್ರಶ್ನೆಯಿಂದ. ನಾವು ಮೂಲದಿಂದ ದೂರವಾದದ್ದು ಜಾಗದ ಅಂತರದಿಂದಲ್ಲ, ಮರೆವಿನಿಂದ ಎಂದು ಆ ಪ್ರಬಂಧವಿಡೀ ಹೇಳುತ್ತದೆ.

ನಿಮ್ಮ ಅಜ್ಜಿಯ ಆಕ್ಷೇಪ ನಮ್ಮ ಶಾಸ್ತ್ರಕಾರರನ್ನೂ ಕಾಡಿದೆ. ಇದನ್ನು ತಿಳಿದರೆ ನಿಮಗೆ ಸಂತೋಷವಾದೀತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ "ಕೃತ್ಸ್ನಪ್ರಸಕ್ತಿರ್ನಿರವಯವತ್ವಶಬ್ದಕೋಪೋ ವಾ" ಎಂಬ ಸೂತ್ರವಿದೆ. ಶಂಕರರು ಇದನ್ನು ವಿವರಿಸುವ ಬಗೆ ಹೀಗೆ: ಬ್ರಹ್ಮವೇ ಜಗತ್ತಾಯಿತು ಎಂದರೆ, ಬ್ರಹ್ಮಕ್ಕೆ ಭಾಗಗಳಿಲ್ಲವಾದ್ದರಿಂದ ಇಡೀ ಬ್ರಹ್ಮ ಖರ್ಚಾಗಿಹೋಗಬೇಕು. ಇಲ್ಲ, ಒಂದು ಭಾಗ ಮಾತ್ರ ಜಗತ್ತಾಯಿತು ಎಂದರೆ, ಅದಕ್ಕೆ ಭಾಗಗಳಿಲ್ಲ ಎನ್ನುವ ಶ್ರುತಿ ಸುಳ್ಳಾಗಬೇಕು. ಎತ್ತ ಹೊರಳಿದರೂ ಕಷ್ಟ. ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಇಷ್ಟು ಹರಿತವಾಗಿ ತಮ್ಮ ಗ್ರಂಥದಲ್ಲೇ ಬರೆದಿಟ್ಟವರ ಧೈರ್ಯ ದೊಡ್ಡದು.

ಉತ್ತರಗಳು ಮಾತ್ರ ಒಂದೇ ಅಲ್ಲ. ಶಂಕರರು ಶ್ರುತಿಯೇ ಇಲ್ಲಿ ಪ್ರಮಾಣ ಎಂದು ಹೇಳಿ, ಮುಂದುವರಿದು ಕಣ್ಣಿನ ದೋಷವಿರುವವನ ಉದಾಹರಣೆ ಕೊಡುತ್ತಾರೆ. ಅವನಿಗೆ ಚಂದ್ರ ಹಲವಾಗಿ ಕಂಡರೂ ಚಂದ್ರ ಹಲವಾಗುವುದಿಲ್ಲ. ಬ್ರಹ್ಮ ಜಗತ್ತಾಗಿ ಕಾಣುವುದೂ ಹಾಗೆಯೇ. ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜರಿಗೆ ಇದು ಒಪ್ಪಿಗೆಯಿಲ್ಲ. ಜಗತ್ತು ನಿಜ, ಅದು ಭಗವಂತನ ಶರೀರ. ಸೂಕ್ಷ್ಮವಾಗಿದ್ದದ್ದು ಸ್ಥೂಲವಾಗುವ ವಿಕಾರವೆಲ್ಲ ಶರೀರಕ್ಕೆ, ಶರೀರಿಯಾದ ಅವನಿಗೆ ಅದು ತಟ್ಟುವುದಿಲ್ಲ. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವರು ಬೇರನ್ನೇ ಕತ್ತರಿಸುತ್ತಾರೆ. ಜಗತ್ತು ದೇವರಿಂದ ಹರಿದು ಬಂದದ್ದೇ ಅಲ್ಲ. ದೇವರು ನಿಮಿತ್ತಕಾರಣ, ಮಡಕೆಗೆ ಕುಂಬಾರನಿದ್ದಂತೆ; ಉಪಾದಾನ, ಎಂದರೆ ಮಣ್ಣಿನಂಥ ಮೂಲವಸ್ತು, ಪ್ರಕೃತಿ. ಪ್ರಕೃತಿಯೂ ಜೀವರೂ ಅನಾದಿ, ಆದರೆ ಪ್ರತಿಕ್ಷಣವೂ ಅವನ ಅಧೀನ. ಸ್ವತಂತ್ರನಾದವನು ಜಡವಾಗಿ ಮಾರ್ಪಟ್ಟ ಎಂದರೆ ಅವನ ಮಹಿಮೆಗೇ ಕುಂದು.

ಮುಂಡಕೋಪನಿಷತ್ತಿನ ಜೇಡವನ್ನೇ ನೋಡಿ. "ಯಥೋರ್ಣನಾಭಿಃ ಸೃಜತೇ ಗೃಹ್ಣತೇ ಚ" — ಜೇಡ ನೂಲನ್ನು ಹೊರಬಿಟ್ಟು ಮತ್ತೆ ಒಳಗೆಳೆದುಕೊಳ್ಳುವಂತೆ ಅಕ್ಷರದಿಂದ, ಎಂದರೆ ನಾಶವಿಲ್ಲದ ಬ್ರಹ್ಮದಿಂದ, ಈ ವಿಶ್ವ. ಕೇಳಿದಾಗ ಸರಳವಾಗಿದೆ. ಶಂಕರರ ಸೂತ್ರಭಾಷ್ಯದಲ್ಲಿ ಎದುರಾಳಿ ಎದ್ದು ನಿಂತು ಹೇಳುತ್ತಾನೆ: ಜೇಡ ಸಣ್ಣ ಹುಳುಗಳನ್ನು ತಿನ್ನುತ್ತದೆ, ಅದರಿಂದ ಅದರ ಜೊಲ್ಲು ಗಟ್ಟಿಯಾಗಿ ನೂಲಾಗುತ್ತದೆ, ಹೊರಗಿನ ಸಾಮಗ್ರಿಯಿಲ್ಲದೆ ಅದು ನೇಯುತ್ತದೆ ಎಂದು ಹೇಗೆ ಹೇಳುತ್ತೀರಿ? ಜೇಡನ ಬಾಯಿಯವರೆಗೂ ಹೋಗಿ ನೋಡಿದ ಈ ವಾದಿಯ ಮೇಲೆ ನನಗೆ ತುಂಬ ಗೌರವ. ನಿಮ್ಮ ಅಜ್ಜಿ ಆ ಸಭೆಯಲ್ಲಿದ್ದಿದ್ದರೆ ಅವನ ಪಕ್ಕದಲ್ಲೇ ಕುಳಿತಿರುತ್ತಿದ್ದರು.

ಹೀಗಿರುವಾಗ 'ನಮ್ಮವರು ಹೇಳಿದ್ದನ್ನೇ ಅವನು ಹೇಳಿದ' ಎನ್ನುವ ಮೊದಲು, ನಮ್ಮವರಲ್ಲಿ ಯಾರು ಎಂದು ಕೇಳಿಕೊಳ್ಳಬೇಕಾಗುತ್ತದೆ. ಎರಡನೆಯ ಪ್ರಶ್ನೆಗೆ ಬಂದೆವು. ಪಾರ್ಫಿರಿ ಬರೆದ ಜೀವನಚರಿತ್ರೆ ನಮಗೆ ಉಳಿದಿದೆ. ಪ್ಲೊಟೈನಸ್ 28ನೆಯ ವಯಸ್ಸಿನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಅಮ್ಮೋನಿಯಸ್ ಸಕ್ಕಾಸ್ ಎಂಬ ಗುರುವನ್ನು ಕಂಡುಕೊಂಡು ಅವನ ಬಳಿ ಹನ್ನೊಂದು ವರ್ಷ ಕಲಿತ. ಆಮೇಲೆ ಪರ್ಷಿಯನ್ನರ ಮತ್ತು ಭಾರತೀಯರ ತತ್ತ್ವವನ್ನು ಅರಿಯುವ ಆಸೆಯಿಂದ, ಪರ್ಷಿಯಾದ ಮೇಲೆ ದಂಡೆತ್ತಿ ಹೊರಟ ಚಕ್ರವರ್ತಿ ಮೂರನೆಯ ಗಾರ್ಡಿಯನ್‌ನ ಪಡೆಯನ್ನು ಸೇರಿದ. 244ರಲ್ಲಿ ಚಕ್ರವರ್ತಿ ಮೆಸಪೊಟೇಮಿಯಾದಲ್ಲಿ ಸತ್ತ. ಪ್ಲೊಟೈನಸ್ ಕಷ್ಟಪಟ್ಟು ಜೀವ ಉಳಿಸಿಕೊಂಡು ಅಂತಿಯೋಕ್ ತಲುಪಿ, ಅಲ್ಲಿಂದ ರೋಮ್‌ಗೆ ಹೋದ. ಆಗ ಅವನಿಗೆ ನಲವತ್ತು. ಭಾರತಕ್ಕೆ ಅವನು ಬರಲೇ ಇಲ್ಲ.

ಆಸೆಯಿತ್ತು ಎಂಬುದಕ್ಕೆ ಆಧಾರವಿದೆ, ಎರವಲು ಪಡೆದ ಎಂಬುದಕ್ಕೆ ಇಲ್ಲ. ಫ್ರಾನ್ಸಿನ ವಿದ್ವಾಂಸ ಎಮಿಲ್ ಬ್ರೆಹಿಯೆ ಕಳೆದ ಶತಮಾನದಲ್ಲಿ ಉಪನಿಷತ್ತುಗಳ ಪ್ರಭಾವವನ್ನು ಪ್ರತಿಪಾದಿಸಿದರು. ಪ್ಲೊಟೈನಸ್‌ನನ್ನು ಇಂಗ್ಲಿಷಿಗೆ ತಂದ ವಿದ್ವಾಂಸ ಎ. ಎಚ್. ಆರ್ಮ್‌ಸ್ಟ್ರಾಂಗ್ ಅದನ್ನು ಒಪ್ಪದೆ, ಗ್ರೀಕ್ ಬೇರುಗಳೇ ಸಾಕು ಎಂದು ವಾದಿಸಿದರು. ನನ್ನ ಒಲವು ಆರ್ಮ್‌ಸ್ಟ್ರಾಂಗ್ ಕಡೆಗೆ. ಪರಮವಾದ ಒಳಿತು ಇರವನ್ನೂ ಮೀರಿದ್ದು ಎಂದು ಪ್ಲೇಟೋ ಆರು ಶತಮಾನಗಳ ಹಿಂದೆಯೇ ಬರೆದಿದ್ದ. ಜಗತ್ತನ್ನು ರೂಪಿಸಿದವನು ಒಳ್ಳೆಯವನು, ಒಳ್ಳೆಯವನಿಗೆ ಯಾವುದರ ಬಗ್ಗೆಯೂ ಮತ್ಸರವಿಲ್ಲ, ಆದ್ದರಿಂದ ಎಲ್ಲವೂ ತನ್ನಂತೆಯೇ ಆಗಲಿ ಎಂದು ಬಯಸಿದ ಎಂಬ ಮಾತೂ ಅವನದೇ. ಬಚ್ಚಿಡದೆ ಕೊಡುವುದು ಪೂರ್ಣತೆಯ ಲಕ್ಷಣ ಎಂಬ ಈ ನಂಬಿಕೆಯೇ ಪ್ಲೊಟೈನಸ್‌ನಲ್ಲಿ ಊಟೆಯಾಗಿ, ಬೆಳಕಾಗಿ ಬೆಳೆದಿದೆ. ಎರಡು ನಾಡಿನ ಜನ ಒಬ್ಬರನ್ನೊಬ್ಬರು ಕಾಣದೆ ಒಂದೇ ಪ್ರಶ್ನೆಯ ಮುಂದೆ ನಿಂತರು ಎಂಬುದು ನನಗೆ ಎರವಲಿಗಿಂತ ದೊಡ್ಡ ಸಂಗತಿ. ಅದರಿಂದ ನಮ್ಮ ಗೌರವ ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಇನ್ನು ನೋವು, ಕೊಳೆ. ಪ್ಲೊಟೈನಸ್ ಸುಖದ ಕಾಲದಲ್ಲಿ ಬದುಕಿದವನಲ್ಲ. ಚಕ್ರವರ್ತಿಗಳು ಒಬ್ಬರ ಹಿಂದೊಬ್ಬರು ಕೊಲೆಯಾಗುತ್ತಿದ್ದರು, ಸಾಮ್ರಾಜ್ಯವನ್ನು ಪಿಡುಗು ತಿನ್ನುತ್ತಿತ್ತು. ಅವನ ಮೈ ತಿಕ್ಕುತ್ತಿದ್ದ ಸೇವಕರೇ ಪಿಡುಗಿಗೆ ಬಲಿಯಾದರು ಎಂದು ಪಾರ್ಫಿರಿ ಬರೆದಿದ್ದಾನೆ. ಕೆಡುಕಿನ ಬಗ್ಗೆ ಅವನು ಕೊಟ್ಟ ಸಿದ್ಧಾಂತ ಹೀಗಿದೆ: ಹರಿವು ಎಲ್ಲೋ ಒಂದು ಕಡೆ ಕೊನೆಯಾಗಲೇಬೇಕು, ಬೆಳಕು ಮುಗಿಯುವ ಆ ಅಂಚೇ ಜಡದ್ರವ್ಯ, ಒಳಿತಿನ ಸಂಪೂರ್ಣ ಅಭಾವವೇ ಕೆಡುಕು. ನಿಜ ಹೇಳಬೇಕೆಂದರೆ ಈ ಉತ್ತರ ನನಗೆ ಸಮಾಧಾನ ತಂದಿಲ್ಲ. ಜಡದ್ರವ್ಯವೂ ಕೊನೆಗೆ ಏಕದಿಂದಲೇ ಬಂದದ್ದಾದರೆ ಅದೇ ಕೆಡುಕು ಹೇಗಾಗುತ್ತದೆ? ಐದನೆಯ ಶತಮಾನದಲ್ಲಿ ಅವನ ಪರಂಪರೆಯವನೇ ಆದ ಪ್ರೋಕ್ಲಸ್ ಇದೇ ಆಕ್ಷೇಪವನ್ನು ಎತ್ತಿ, ಜಡದ್ರವ್ಯ ಕೆಡುಕಲ್ಲ ಎಂದು ವಾದಿಸಿದ. ಅವನೇ ಸರಿ ಎಂದು ನನ್ನ ಅಭಿಪ್ರಾಯ. ಬ್ರಹ್ಮಸೂತ್ರವೂ ಇದೇ ಪ್ರಶ್ನೆಯನ್ನು "ವೈಷಮ್ಯನೈರ್ಘೃಣ್ಯೇ ನ" ಎಂದು ಎತ್ತಿಕೊಂಡು, ದೇವರಲ್ಲಿ ಪಕ್ಷಪಾತವೂ ಇಲ್ಲ, ಕ್ರೌರ್ಯವೂ ಇಲ್ಲ, ಅವನು ಜೀವಿಗಳ ಕರ್ಮವನ್ನು ಅನುಸರಿಸಿ ಕೊಡುತ್ತಾನೆ ಎನ್ನುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಈ ಎರಡರಲ್ಲಿ ಯಾವ ಉತ್ತರವನ್ನೂ ಹೇಳುವ ಎದೆಗಾರಿಕೆ ನನಗಿಲ್ಲ.

ಆದರೆ ಅವನ ಇನ್ನೊಂದು ಪ್ರಬಂಧವಿದೆ. ಈ ಲೋಕವನ್ನು ಅಜ್ಞಾನಿಯಾದ, ಕೆಟ್ಟ ಶಿಲ್ಪಿಯೊಬ್ಬ ಮಾಡಿದ, ಇದೊಂದು ಸೆರೆಮನೆ ಎಂದು ಬೋಧಿಸುತ್ತಿದ್ದ ನಾಸ್ಟಿಕ್ ಪಂಥದವರು ಅವನ ಸಭೆಗೂ ಬರುತ್ತಿದ್ದರು. ಅವರ ವಿರುದ್ಧ ಅವನು ಬರೆದದ್ದರಲ್ಲಿ ಬೇರೆಲ್ಲೂ ಕಾಣದ ಕಾವಿದೆ. ಲೋಕವನ್ನು ತಿರಸ್ಕರಿಸುವುದರಿಂದ ಯಾರೂ ಒಳ್ಳೆಯವರಾಗುವುದಿಲ್ಲ. ಮೂಲವನ್ನು ಪ್ರೀತಿಸುತ್ತೇನೆ ಎನ್ನುವವನು ಅದರಿಂದ ಹುಟ್ಟಿದ್ದನ್ನು ಹೇಗೆ ದ್ವೇಷಿಸುತ್ತಾನೆ? 'ದೇವರ ಕಡೆ ನೋಡು' ಎಂದು ಹೇಳಿ, ಹೇಗೆ ನೋಡಬೇಕು ಎಂದು ಕಲಿಸದಿದ್ದರೆ ಏನು ಉಪಯೋಗ? ಸದ್ಗುಣವಿಲ್ಲದೆ ದೇವರೆಂಬುದು ಬರಿಯ ಹೆಸರು.

ಇದನ್ನು ಬರೆದವನ ಮನೆ ಹೇಗಿತ್ತು ಎಂಬುದನ್ನೂ ಪಾರ್ಫಿರಿ ಹೇಳುತ್ತಾನೆ. ಸಾವಿನ ಅಂಚಿನಲ್ಲಿದ್ದ ಕುಲೀನ ಸ್ತ್ರೀಪುರುಷರು ಎಷ್ಟೋ ಮಂದಿ ತಮ್ಮ ಮಕ್ಕಳನ್ನೂ ಆಸ್ತಿಯನ್ನೂ ಅವನ ವಶಕ್ಕೆ ಒಪ್ಪಿಸಿಹೋಗುತ್ತಿದ್ದರು. ಮನೆ ತುಂಬ ಹುಡುಗ ಹುಡುಗಿಯರು. ಪೊಟಮೋನ್ ಎಂಬ ಬಾಲಕನ ಪಾಠವನ್ನು ಪ್ಲೊಟೈನಸ್ ಮತ್ತೆ ಮತ್ತೆ ಕೂತು ಕೇಳುತ್ತಿದ್ದ. ಮಕ್ಕಳ ಆಸ್ತಿಯ ಲೆಕ್ಕಪತ್ರಗಳನ್ನು ಮೇಲ್ವಿಚಾರಕರು ತಂದೊಪ್ಪಿಸಿದಾಗ ತಾಳ್ಮೆಯಿಂದ ಪರಿಶೀಲಿಸಿ, ಸರಿಯಿದೆಯೇ ಎಂದು ನೋಡುತ್ತಿದ್ದ. ಇವರು ತತ್ತ್ವಶಾಸ್ತ್ರದ ದಾರಿಗೆ ಬರುವವರೆಗೆ ಇವರ ಆಸ್ತಿ, ಆದಾಯ ಸುರಕ್ಷಿತವಾಗಿರಬೇಕು ಎನ್ನುತ್ತಿದ್ದನಂತೆ. ಏಕದ ಕಡೆಗೆ ಮುಖ ಮಾಡಿದ್ದ ಮನುಷ್ಯ ಅನಾಥ ಮಕ್ಕಳ ಜಮಾಖರ್ಚಿನ ಮೇಲೆ ಕಣ್ಣಿಟ್ಟಿದ್ದ. ಕೆಡುಕಿನ ಕುರಿತ ಅವನ ಸಿದ್ಧಾಂತಕ್ಕಿಂತ ನನಗೆ ಇದು ಹೆಚ್ಚು ಗಟ್ಟಿಯಾದ ಉತ್ತರವಾಗಿ ಕಾಣುತ್ತದೆ. ಲೋಕವು ಮೂಲದಿಂದ ಬಂದದ್ದು ಎಂದು ನಂಬಿದವನಿಗೆ ಅದರಲ್ಲಿ ಯಾವುದೂ ಕಡೆಗಣಿಸುವಷ್ಟು ಕೀಳಲ್ಲ.

ಕೈಮುಗಿಯುವ ಪ್ರಶ್ನೆ ಉಳಿಯಿತು. ಇದು ನಿಮ್ಮೊಬ್ಬರದಲ್ಲ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ, ತತ್ತ್ವಜ್ಞಾನಿ ಅಲ್-ಕಿಂದಿಯ ಬಳಗದಲ್ಲಿ, ಪ್ಲೊಟೈನಸ್‌ನ ಪ್ರಬಂಧಗಳ ಭಾವಾನುವಾದವೊಂದು ಅರಬ್ಬಿಯಲ್ಲಿ ಸಿದ್ಧವಾಯಿತು. ವಿಚಿತ್ರವೆಂದರೆ ಅದರ ಮೇಲೆ ಅರಿಸ್ಟಾಟಲನ ಹೆಸರಿತ್ತು. ಮುಂದೆ ಅಲ್-ಫಾರಾಬಿ, ಇಬ್ನ್ ಸೀನಾ ಎಂಬ ತತ್ತ್ವಜ್ಞಾನಿಗಳು ಈ ಹರಿವಿನ ವಿಚಾರವನ್ನು ಬೆಳೆಸಿದರು. ಇಮಾಮ್ ಗಝಾಲಿ 1095ರಲ್ಲಿ ಅದನ್ನು ಬಲವಾಗಿ ಎದುರಿಸಿದರು: ಜಗತ್ತು ದೇವರಿಂದ ಅನಿವಾರ್ಯವಾಗಿ ಹೊಮ್ಮುತ್ತದೆ ಎಂದರೆ ದೇವರಿಗೆ ಇಚ್ಛೆ ಎಲ್ಲಿ ಉಳಿಯಿತು? ಬಯಸಿ ಮಾಡುವವನನ್ನು ಮಾತ್ರ ಕರ್ತೃ ಎನ್ನಬಹುದು. ನಮ್ಮ ಮಧ್ವರು ಬೇರೆ ಶಾಸ್ತ್ರದಿಂದ, ಬೇರೆ ಭಾಷೆಯಲ್ಲಿ ಹೊರಟರೂ ಕಾಪಾಡಬಯಸಿದ್ದು ಇದನ್ನೇ, ದೇವರ ಸ್ವಾತಂತ್ರ್ಯವನ್ನು. ಇಬ್ಬರ ಕಳಕಳಿಯೂ ನ್ಯಾಯವಾದದ್ದು. ಭಕ್ತನಿಗೆ ತನ್ನ ಕರೆಯನ್ನು ಕೇಳುವವನು ಬೇಕು.

ಪ್ಲೊಟೈನಸ್‌ಗೆ ಈ ಆಕ್ಷೇಪ ತಿಳಿಯದ್ದಲ್ಲ. ಆರನೆಯ ಭಾಗದ ಎಂಟನೆಯ ಪ್ರಬಂಧದಲ್ಲಿ, ಏಕವು ಯಾವುದೋ ಬಲವಂತಕ್ಕೆ ಸಿಕ್ಕಿ ಅಥವಾ ಆಕಸ್ಮಿಕವಾಗಿ ಹೀಗಿದೆ ಎಂಬ ಮಾತನ್ನು ಅವನು ತಳ್ಳಿಹಾಕುತ್ತಾನೆ. ಅದು ತಾನು ಇಚ್ಛಿಸಿದಂತೆ ಇದೆ, ಅದರ ಇಚ್ಛೆಯೂ ಅದರ ಇರವೂ ಎರಡಲ್ಲ. ಹಾಗೆಂದು ಅದು ಕೆಳಗೆ ಬಾಗಿ ನಿಮ್ಮ ಅರ್ಜಿಯನ್ನು ಓದುತ್ತದೆ ಎಂದು ಅವನು ಭರವಸೆ ಕೊಡುವುದಿಲ್ಲ. ಶಿಷ್ಯ ಅಮೀಲಿಯಸ್ ಹಬ್ಬಹುಣ್ಣಿಮೆಗೆ ಗುಡಿಗುಡಿ ತಿರುಗುತ್ತಿದ್ದ. ಒಮ್ಮೆ ಗುರುವನ್ನೂ ಕರೆದ. "ಅವರು ನನ್ನ ಬಳಿಗೆ ಬರಬೇಕು, ನಾನು ಅವರ ಬಳಿಗಲ್ಲ" ಎಂದ ಪ್ಲೊಟೈನಸ್. ಏನರ್ಥದಲ್ಲಿ ಹೇಳಿದನೋ ನಮಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ ಎಂದು ಪಾರ್ಫಿರಿ ಬರೆದುಕೊಂಡಿದ್ದಾನೆ. ಆದರೆ ಅದೇ ಪ್ಲೊಟೈನಸ್, ಏಕದಿಂದ ಬಹುತ್ವ ಹೇಗೆ ಬಂತು ಎಂಬ ಅತ್ಯಂತ ಕಠಿಣ ವಾದಕ್ಕೆ ಕೈಹಾಕುವ ಮುನ್ನ ಬರವಣಿಗೆ ನಿಲ್ಲಿಸಿ ಪ್ರಾರ್ಥಿಸೋಣ ಎನ್ನುತ್ತಾನೆ: ಬಾಯಿಮಾತಿನಿಂದಲ್ಲ, ಆತ್ಮವನ್ನೇ ಅದರ ಕಡೆ ಚಾಚಿ, ಒಂಟಿಯಾಗಿ ಆ ಒಂಟಿಯ ಮುಂದೆ. ನೀವು ಕೈಮುಗಿದರೆ ಮೂಲ ಬದಲಾಗುವುದಿಲ್ಲ. ಮುಖ ತಿರುಗಿಸಿಕೊಂಡಿದ್ದ ನೀವು ಅತ್ತ ತಿರುಗುತ್ತೀರಿ, ಮತ್ತು ಅವನ ಪ್ರಕಾರ ತಿರುಗುವುದೇ ಇರುವುದಕ್ಕೆ ಆಧಾರ. ಕೇಳುವ ದೇವರೇ ಬೇಕೆಂಬ ನಿಮ್ಮ ಹಂಬಲಕ್ಕೆ ಇಷ್ಟು ಸಾಲದೆ ಹೋದರೆ, ರಾಮಾನುಜರಲ್ಲೋ ಮಧ್ವರಲ್ಲೋ ನಿಮಗೆ ಬೇಕಾದದ್ದು ಸಿಗುತ್ತದೆ. ಪ್ಲೊಟೈನಸ್‌ನನ್ನು ಹಿಂಡಿ ಅದನ್ನು ಪಡೆಯಲಾಗದು.

ಓದುವುದಕ್ಕೆ ಐದನೆಯ ಭಾಗದ ಮೊದಲ ಪ್ರಬಂಧದಿಂದ ಶುರು ಮಾಡಿ. ಈ ಪತ್ರದಲ್ಲಿ ಹೇಳಿದ ಬಹುಪಾಲು ಅಲ್ಲಿ ಇಪ್ಪತ್ತು ಮೂವತ್ತು ಪುಟಗಳೊಳಗೆ ಇದೆ. ಆಮೇಲೆ ಊಟೆಯ ಉಪಮೆ ಬರುವ ಮೂರನೆಯ ಭಾಗದ ಎಂಟನೆಯದು, ಅದರ ಬೆನ್ನಿಗೆ ನಾಸ್ಟಿಕರ ವಿರುದ್ಧದ ಎರಡನೆಯ ಭಾಗದ ಒಂಬತ್ತನೆಯದು. ಇಂಗ್ಲಿಷಿನಲ್ಲಿ ಓದುವುದಾದರೆ ಸ್ಟೀಫನ್ ಮೆಕೆನ್ನಾ ಅವರ ಅನುವಾದದಲ್ಲಿ ಕಾವ್ಯದ ಬೀಸು ಇದೆ, ಆರ್ಮ್‌ಸ್ಟ್ರಾಂಗ್ ಅವರದು ಮೂಲಕ್ಕೆ ಹತ್ತಿರ. ಅರ್ಥ ಕೈಗೆ ಸಿಗದೆ ಹೋದಾಗ ಎರಡನೆಯದನ್ನು ನೋಡಿ. ಪ್ಲೊಟೈನಸ್‌ಗೆ ಕಣ್ಣು ಮಂದವಾಗಿತ್ತು, ಬರೆದದ್ದನ್ನು ಅವನು ಮತ್ತೊಮ್ಮೆ ಓದುತ್ತಿರಲಿಲ್ಲ. ವಾಕ್ಯಗಳು ಅಲ್ಲಲ್ಲಿ ತೊಡಕಾಗಿವೆ. ಒಮ್ಮೆ ಕೂತಾಗ ಎರಡು ಪುಟಕ್ಕಿಂತ ಹೆಚ್ಚು ಓದಲು ಹೋಗಬೇಡಿ. ಆರನೆಯ ಭಾಗದ ಮೊದಲ ಮೂರು ಪ್ರಬಂಧಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ಇರುವುದನ್ನೆಲ್ಲ ವರ್ಗಗಳಾಗಿ ವಿಂಗಡಿಸುವ ಅರಿಸ್ಟಾಟಲನ ಪದಾರ್ಥ ವಿಭಾಗದ ಪರಿಚಯವಿಲ್ಲದೆ ಅವು ಒಗ್ಗುವುದಿಲ್ಲ. ಕೆಡುಕಿನ ಕುರಿತ ಪ್ರಬಂಧ ಮೊದಲ ಭಾಗದ ಎಂಟನೆಯದು. ಅದನ್ನು ಓದಿದ ಮೇಲೆ, ನಾನು ಪ್ರೋಕ್ಲಸ್‌ನ ಕಡೆ ವಾಲಿದ್ದು ನಿಮಗೆ ಒಪ್ಪಿಗೆಯಾಗದಿದ್ದರೆ ಬರೆಯಿರಿ. ಆ ಪತ್ರಕ್ಕೂ ಜಾಗ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ